ಬಸ್ಕಿ ಲೆಕ್ಕ

ಸೊಲ್ಲಾಪುರ, ಅಶೋಕ ಚೌಕದ ಹಿಂದಿನ ಗಲ್ಲಿ.
ಮುಂಜಾನೆ ಐದೂವರಿ. ಇವತ್ತ ನಳ ಬರೂ ದಿನ ಅಲ್ಲ.
ಮಷೀನಿನ ಮುಂದಿನ ಕುರ್ಚಿ ಗ್ವಾಡಿಗಿ ಹಚ್ಚಿ
ಕೂಡತೀನಿ, ಏಳತೀನಿ. ಕೂಡತೀನಿ, ಏಳತೀನಿ.

ಶಾಲ್ಯಾಗ ಮಾಸ್ತರ ಕೊಡತಿದ್ದ ಶಿಕ್ಷಾ
ನಲವತ್ತ ವರ್ಷಕ್ಕ ಡಾಕ್ಟರ ಚೀಟ್ಯಾಗ ಬಂತು:
ಬಸ್ಕಿ, ದಿನಾ, ಕುರ್ಚಿ ಹಿಡಕೊಂಡು.
ಕೆಳಗ ಒಂದ ನೋವಿನ ಗುಳಿಗಿ.
ಗುಳಿಗಿ ಅಷ್ಟ ನೆನಪಿಟ್ಟು ನುಂಗಿದೆ.

ಮೊದಲ ಸಲ ಯುಗಾದಿಗೆ ಚಾಲೂ ಮಾಡಿದ್ದೆ, ಒಂದೇ ದಿನ ಐವತ್ತು.
ಮರುದಿನ ಪಾಯಖಾನಿಗೆ ಹೋಗಾಕ ಗ್ವಾಡಿ ಹಿಡೀಬೇಕಾತು.
ಎರಡನೇ ಸಲ ಶ್ರಾವಣ ಸೋಮವಾರ. ಮೂರನೇದ್ದು ನೆನಪಿಲ್ಲ.
ಒಳ್ಳೆ ದಿನ ಹುಡುಕಿ ಹಿಡದದ್ದು ಒಂದೂ ಉಳೀಲಿಲ್ಲ.

ಉಳದದ್ದು ಒಂದ ಹಾಳ ಮಂಗಳವಾರ.
ಕರೆಂಟ ಹೋಗಿತ್ತು. ನೂರಾ ಎಂಬತ್ತ ಯುನಿಫಾರ್ಮಿನ ಕಾಲರ ಬಾಕಿ.
ಸುಮ್ಮ ಕೂಡಲಾರದ ಎದ್ದೆ, ಕೂತೆ, ಎದ್ದೆ.
ಹತ್ತು ಕನ್ನಡದಾಗ. ಹತ್ತು ಮರಾಠಿಯೊಳಗ.
ಉಸಿರ ಇನ್ನಾ ಇತ್ತು, ತೆಲುಗಿನ್ಯಾಗ ಸುರು ಮಾಡಿದೆ,
'ಪದಿ' ಅಂದು ನಿಂತೆ.
ಮುಂದಿಂದು ಬರತಿದ್ದಿಲ್ಲ.

ಗ್ವಾಡಿ ಆಚೆ ಲಚ್ಚವ್ವ, ಬೀಡಿ ಎಲಿ ಕತ್ತರಸ್ತಾ,
'ಪದಕೊಂಡು' ಅಂದಳು. ಇವತ್ತಿಗೆ ಅಷ್ಟ ಸಾಕು, ನಾಳೆ ಮುಂದಿಂದು.
ಮರುದಿನ ಎದ್ದದ್ದು ಮೊಳಕಾಲಿಗಾಗಿ ಅಲ್ಲ, ಖರೇ ಹೇಳತೀನಿ,
ಹನ್ನೆರಡಕ್ಕ ಏನಂತಾರ ಅಂತ ತಿಳಕೊಳ್ಳಾಕ.

ಪನ್ನೆಂಡು. ಪದಮೂಡು.
ದಿನಕ್ಕೊಂದ ಅಂಕಿ, ಅದರ ಬೆನ್ನಿಗೆ ಒಂದ ಬಸ್ಕಿ,
ಕಾಯಿಪಲ್ಯಾದಾಕಿ ಕಡೆ ಕೊಸರ ಹಾಕಿಸಿಕೊಂಡಂಗ.
ಆಮ್ಯಾಲ ಮದುವಿ, ಜ್ವರ, ಶಾಲಿ ಸುರುವಾಗೂ ಜೂನಿನ ಗಡಬಿಡಿ.
ಒಂಬತ್ತ ದಿನ ತಪ್ಪಿತು. ನಾಚಿಕಿಗೆ ಆ ಕಡಿ ಕಿಡಕಿ ತೆಗೀಲಿಲ್ಲ.
ಹತ್ತನೇ ದಿನ ಆಕೀನ ಗ್ವಾಡಿ ಬಡದಳು:
'ಎಲ್ಲಿಗಿ ನಿಂತೀವಿ? ಪದಹಾರೋ, ಪದಿಹೇಡೋ?'
ಬೈಲಿಲ್ಲ. ಕಾರಣ ಕೇಳಲಿಲ್ಲ.
'ನಿಂತೀವಿ' ಅಂದಳು. 'ನಿಂತಿ' ಅನಲಿಲ್ಲ.

ಈಗ ಮೂರೂ ಭಾಷಾದಾಗ ಇಪ್ಪತ್ತರ ಮಟ.
ಮರಾಠಿಯ ಏಕೋಣೀಸ ಅಂದರ ನನ್ನ ಮೊಳಕಾಲಿಗೆ ಪ್ರೀತಿ:
ಇಪ್ಪತ್ತಕ್ಕ ಒಂದ ಕಮ್ಮಿ, ಅಷ್ಟ, ಬಂದ ಬಿಟ್ಟಿ ಅಂತದ.
ಕನ್ನಡದ ಹತ್ತೊಂಬತ್ತು ಹಂಗೇನೂ ಹೇಳೂದಿಲ್ಲ.
ಇರವೈಗೆ ಬಂದಾಗ ಕಾಲು ಸಾಕಂತು.
ಅಲ್ಲೇ ಅದೀನಿ, ಎರಡ ವರ್ಷ ಆತು.
ಮುಂದಿನ ಅಂಕಿ ಕೇಳಿಲ್ಲ. ಕೇಳಿದರ ಆಕಿ ಹೇಳೇ ಬಿಡತಾಳ.

ಇತ್ತಿತ್ಲಾಗ ಆ ಕಡಿಯಿಂದನೂ ಸಪ್ಪಳ.
ಬೀಡಿ ಕಟ್ಟಿ ಕಟ್ಟಿ ಹಿಡಕೊಂಡ ಕುತಗಿ
ಲಚ್ಚವ್ವ ತಿರಗಸ್ತಾಳ, ಎಡಕ್ಕ, ಬಲಕ್ಕ,
ನನ್ನ ಭಾಷಾದಾಗ ಎಣಿಸಿಕೋತ:
ಒಂಬತ್ತು, ಹತ್ತು, ಹನ್ನೆರಡು.
ಹನ್ನೊಂದು ದಿನಾ ನುಂಗತಾಳ.
ತಿದ್ದಬೇಕು ಅಂತೀನಿ. ಇವತ್ತ ಬ್ಯಾಡ.
ನಾಳೆ ನೋಡೂಣು.
ನಾಳೆ ನಳ ಬರೂ ದಿನ.