ತೆಂಕಣಕ್ಕೊಂದು ತುತ್ತು

ಬಂಡಿ ಬಿಟ್ಟೀವಿ ಬನ್ನಿಗಿಡದ ನೆಳ್ಳಿಗಿ.
ತಾಳಿಕೋಟಿ ಎರಡು ಹರದಾರಿ ಹಿಂದ ಉಳದೈತಿ.
ಡೋಣಿ ದಂಡಿಯ ಎರಿ ಹೊಲದಾಗ
ಬಿಳಿಜ್ವಾಳ ಎದಿಮಟ, ಕಡ್ಲಿ ಹುಳಿ ಹಿಡದೈತಿ,
ಕುಸುಬಿ ಮುಳ್ಳು ಪ್ಯಾಂಟಿನ ಅಂಚು ಜಗ್ಗತೈತಿ.
ಉಂಡ ಮ್ಯಾಲ ಎಲ್ಲಾರೂ ಸುತ್ತ ಕುಂತು
ಮತ್ತ ಅದನ್ನ ಕೇಳತಾರ:
ಗೊಲ್ಲಾಳಪ್ಪ, ಹ್ವಾದ ಎಳ್ಳಮಾಸಿ
ಆ ಬರ್ಫದ ನಾಡಾಗ ಹೆಂಗ ಮಾಡಿದ್ಯೋ?

ಹೆಂಗ ಮಾಡ್ಲಿ?
ಅಮಾಸಿ ಅಂತ ಕ್ಯಾಲೆಂಡರ್ ಹೇಳತಿತ್ತು,
ಹೊತ್ತು ಮಾತ್ರ ಮುಳಗಾಕ ಒಲ್ಲೆ ಅಂತಿತ್ತು.
ನಡರಾತ್ರಿ ಜನರೇಟರ್ ಖೋಲಿಯಿಂದ ಹೊರಗ ಬಂದ್ರ
ನನ್ನ ನೆಳ್ಳು ನನಗಿಂತ ನಾಕು ಪಟ್ಟು ಉದ್ದ,
ಮೈಮುರಿಯೂ ನಾಯಿ ಹಂಗ ಬರ್ಫದ ಮ್ಯಾಲ ಬಿದ್ದಿತ್ತು.
ಚಂದ್ರ ಇಲ್ಲದ್ದು ಖರೆ,
ಆದ್ರ ಚಂದ್ರ ಇಲ್ಲ ಅಂತ ತಿಳಿಯಾಕ
ಒಂದೀಟು ಕತ್ತಲಿ ಬೇಕಲ್ಲ.

ಡಬ್ಬಿಯೊಳಗ ಬೌರವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ,
ಗುರೆಳ್ಳು ಹಿಂಡಿ, ಶೇಂಗಾ ಹೋಳಿಗಿ ಹದಿನೆಂಟು.
(ಹತ್ತೊಂಬತ್ತಿದ್ದವು. ಹಡಗದಾಗ ಹೊಟ್ಟಿ ತೊಳಸಿದಾಗ
ಒಂದನ್ನ ತಿಂದು ಅತ್ತೀನಿ. ಅದನ್ನ ಇವರಿಗಿ ಹೇಳಿಲ್ಲ.)
ಕಾಳು ಒಯ್ಯಾಕ ಬಿಡಲಿಲ್ಲ.
ಇಳಿಯೂಕಿಂತ ಮೊದಲ
ಬೂಟಿನ ಹೊಲಿಗಿ, ಕಿಸೆದ ಮೂಲಿ, ಕೋಟಿನ ಮಡಿಕಿ
ಎಲ್ಲಾ ಮಷೀನ್ ಹಚ್ಚಿ ಎಳದರು.
ನನ್ನ ಸ್ವೆಟರಿನ ತೋಳಿನಾಗ ಸಿಕ್ಕಿದ್ದು
ಒಂದ ಒಂದು ಕುಸುಬಿ ಬೀಜ.
ಚಿಮಟಿಗಿಲೆ ಹಿಡದು, ಲಕೋಟಿಯೊಳಗ ಹಾಕಿ
ಮ್ಯಾಲ ನನ್ನ ಹೆಸರು ಬರದರು,
ಕಳ್ಳನ ಕಡಿಂದ ಬಂಗಾರ ಹಿಡದಂಗ.

ಪೂಜಿಗಿ ಪಾಂಡವರು ಬೇಕಲ್ಲ.
ಅಲ್ಲಿ ಕಲ್ಲಿಗೇನು ಕಡಿಮಿಲ್ಲ, ಆದ್ರ
ಇದ್ದ ಕಲ್ಲು ಇದ್ದಲ್ಲೇ ಇರಬೇಕು, ಅಲ್ಲಿಯ ಕಾನೂನು.
ನಾ ಐದು ನಟ್ಟು ಡೀಜಲ್‌ದಾಗ ತೊಳದು
ಫಳಫಳ ಒರಸಿ ಸಾಲಾಗಿಟ್ಟೆ.
ಮೂವತ್ತೆರಡರ ನಟ್ಟು ಭೀಮ.
ಥ್ರೆಡ್ಡು ಸವದದ್ದು ಧರ್ಮರಾಯ, ಪಾಪ, ಜೂಜಾಡಿ.
ಅಸ್ಸಾಮಿನ ಡಾಕ್ಟರ್ ಬರುವಾ
ದವಾಖಾನಿಯ ಬಿಳಿ ಅರಿವಿ ತಂದು ಹಾಸಿದ.
ಊದಿನಕಡ್ಡಿ ಬ್ಯಾಡ,
ಹೊಗಿ ಗಂಟಿ ಹೊಡಕೋತೈತಿ ಅಂದ್ರು.

ಚರಗಾ ಚೆಲ್ಲೂ ಹೊತ್ತಾತು.
"ಒಂದು ಅಗಳೂ ಹೊರಗ ಬೀಳಬಾರದು"
ಅಂದ ನಮ್ಮ ಲೀಡರ್ ಪಿಳ್ಳೈ, ಮೆಲ್ಲಗ, ಸಿಟ್ಟಿಲ್ಲದ.
"ಈ ನೆಲ ಯಾರದೂ ಅಲ್ಲ, ಅದಕ್ಕ."
ನಾ ವಿಚಾರ ಮಾಡಿದೆ:
ಯಾರದೂ ಅಲ್ಲದ ನೆಲಕ್ಕ
ಉಣಸಾವ್ರು ಯಾರು?

ಬರಿಗೈಯಾಗ ಏನೂ ಇಲ್ಲದ್ದನ್ನ ಮುಟಿಗಿ ತುಂಬ ತಗೊಂಡು
ಸ್ಟೇಷನ್ ಸುತ್ತ ಹೊಂಟೆ.
ಹುಲ್ಲುಲ್ಲಿಗ್ಯೋ!
ಒಂದು ಗಳಿಗಿ ಬರೇ ಗಾಳಿ.
ಆಮ್ಯಾಲ ಹಿಂದಿಂದ,
ಅಸ್ಸಾಮದ ನಾಲಗಿ, ಹವಾ ಅಳಿಯೂ ಇಬೊಮ್ಚಾನ ಮಣಿಪುರದ ನಾಲಗಿ,
ಎಲ್ಲಾರಗಿಂತ ತಡಾ ಆಗಿ ಪಿಳ್ಳೈ:
ಚೆಲ್ಲಂ ಪೊಲಿಗ್ಯೋ!
ಸ್ಕುವಾ ಅಂತ ಒಂದು ಕಂದು ಹಕ್ಕಿ, ಹದ್ದಿನ ಮಗ್ಗಲ ಮನಿದು,
ಇಳದು ಬಂತು. ನನ್ನ ಕೈ ನೋಡಿತು, ಮಾರಿ ನೋಡಿತು,
ಬೈದು ಹೋತು.

ಇಷ್ಟ, ಅಂದೆ. ಎಲ್ಲಾರೂ ನಕ್ಕರು.
ಬೌರವ್ವ ನಗಲಿಲ್ಲ. ಖಾಲಿ ಬುಟ್ಟಿ ಝಾಡಿಸಿಕೋತ,
ಒಂದು ವರ್ಷ ಹೇಳದ್ದನ್ನ ಹೇಳಿದಳು:

"ನೀವು ತೆಂಕಣದ ತುದಿಗಿ ಅದೀರಿ ಅಂತ
ಸಾಲಿ ಹುಡುಗ ಭೂಗೋಲದ ಚೆಂಡು ಬೋರಲ ಹಾಕಿ ತೋರಿಸಿದ್ದ.
ಮೂರು ದಿಕ್ಕಿಗಿ ಚೆಲ್ಲಿ ನಾ ಆ ಕಡಿ ತಿರುಗಿದೆ.
ಯಮನ ದಿಕ್ಕವಾ, ಅಲ್ಲಿ ನಿಂತು ಗಂಡನ್ನ ನೆನಿಬ್ಯಾಡ ಅಂತ
ಅತ್ತಿ ಕೈ ಹಿಡದಳು.
ಹೆಸರು ಹಿಡೀಲಿಲ್ಲ ನಾ. ಎರಡು ತುತ್ತು ಒಗದೆ.
ಒಂದು ನಿಮಗ.
ಇನ್ನೊಂದು ಅವಂಗ, ಉಂಡು ಸುಮ್ನಿರಲಿ ಅಂತ."

ಯಾರೂ ಮಾತಾಡಲಿಲ್ಲ. ಎತ್ತು ಮೆಲಕು ಹಾಕತಿದ್ದವು.
ಡೋಣಿ ಆಚಿ ಹೊತ್ತು ಮುಳಗಿತು, ಪೂರಾ,
ನಾ ಕಣ್ಣು ಕೀಳದ ನೋಡಿದೆ.
ಜ್ವಾಳದ ತೆನಿ ಮದಲ ಕರಗಿದವು, ಆಮ್ಯಾಲ ಬನ್ನಿ,
ಆಮ್ಯಾಲ ಆಕಿ ಕೈಯಾಗಿನ ಬುಟ್ಟಿ.
ಸಣ್ಣಾವ ಬ್ಯಾಟರಿ ಹಚ್ಚಾಕ ಹ್ವಾದ.
ತಡಿ, ಅಂದೆ. ಹಚ್ಚಬ್ಯಾಡ.
ಹ್ವಾದ ವರ್ಷದ್ದೂ ಬಾಕಿ ಐತಿ.