ಲಿಫ್ಟಿನವನು ಮೆಟ್ಟಿಲು ಹತ್ತಿದ್ದು

ಇಪ್ಪತ್ತಾರು ವರ್ಷ
ಈ ಗುಡ್ಡದ ಏದುಸಿರನ್ನೆಲ್ಲ
ನಾನೇ ಉಳಿಸಿಕೊಟ್ಟಿದ್ದೇನೆ.
ನೂರು ಪೆಸೊ ಕೊಡಿ, ಒಳಗೆ ಬನ್ನಿ, ಬಾಗಿಲು ಹಾಕಿ.
ಮರದ ಗೂಡು ಕಿರುಗುಟ್ಟುತ್ತ ಹಳಿ ಹತ್ತುತ್ತದೆ,
ಕೆಳಗೆ ವಾಲ್ಪರೈಸೊ ಬಂದರಿನ ಕ್ರೇನುಗಳು
ಕುತ್ತಿಗೆ ಚಾಚಿ ನೋಡುತ್ತವೆ,
ಒಂದೂವರೆ ನಿಮಿಷ, ನೀವು ಮೇಲೆ.

ನಾನು ಮಾತ್ರ ಇದ್ದಲ್ಲೇ.
ಸ್ಟೂಲಿನ ಮೇಲೆ, ಟಿಕೆಟ್ ಕಿಂಡಿಯ ಹಿಂದೆ,
ಹನ್ನೊಂದಕ್ಕೊಂದು ಎಂಪನಾಡ, ನಾಲ್ಕಕ್ಕೆ ಇನ್ನೊಂದು.
ಆಸ್ಪತ್ರೆಯ ಹುಡುಗಿ (ಡಾಕ್ಟರಂತೆ,
ನನ್ನ ಟೋಪಿಗಿಂತ ಚಿಕ್ಕ ವಯಸ್ಸು)
ರಕ್ತದ ಚೀಟಿ ನೋಡಿ ಕೇಳಿದಳು:
"ಕೆಲಸ ಎಲ್ಲಿ, ದೋನ್ ಎವಾರಿಸ್ತೊ?"
ಹೇಳಿದೆ.
"ಹಾಗಾದರೆ ಪಕ್ಕದಲ್ಲೇ ಮೆಟ್ಟಿಲಿದೆಯಲ್ಲ."

ಇದೆ.
ಹಗೆಯನ್ನು ನೋಡುವಂತೆ ನೋಡುತ್ತಿದ್ದೆ ಅದನ್ನು,
ನನ್ನ ಗಿರಾಕಿ ಕದಿಯುವುದು ಅದೊಂದೇ.

ಆರಂಭಶೂರನಿಗೇನು ಬರ?
ಜನವರಿಯ ಬಿಸಿಲಲ್ಲಿ ನೀಲಿ ಶೂ ಕೊಂಡೆ,
ನೋಟುಬುಕ್ಕು ಕೊಂಡೆ, ಕೆಂಪು ಪೆನ್ನು.
ಪಾಳಿ ಮುಗಿಸಿ, ಕೀಲಿಗೊಂಚಲು ಓಸಿಯೆಲ್‌ಗೆ ಕೊಟ್ಟು
ನಡೆದೇ ಮನೆಗೆ. ಹತ್ತಿದ ದಿನಕ್ಕೊಂದು ಗೀಟು.
ಮೀನು ಮಾರುವ ದೋನ್ಯಾ ಎದುವೀಹೆಸ್
ಏರುವ ಗೂಡಿನೊಳಗಿಂದ ಕೂಗಿದಳು:
"ಏನಯ್ಯ, ನಿನ್ನ ಗಾಡಿಯ ಮೇಲೆ ನಿನಗೇ ನಂಬಿಕೆ ಹೋಯಿತೆ?"
ಇಡೀ ಗೂಡು ನಕ್ಕಿತು.
ನಾನೂ ನಗಬೇಕೆಂದುಕೊಂಡೆ, ಉಸಿರು ಸಾಲಲಿಲ್ಲ.

ಅರ್ಧದಲ್ಲಿ, ಹಸಿರು ಬಾಗಿಲಿನ ಮುಂದೆ, ಒಂದು ಕಟ್ಟೆ.
ಅಲ್ಲಿ ಯಾರದ್ದೂ ಅಲ್ಲದ ನಾಯಿ, ಮೊಸ್ತಾಸಾ.
ನಾನು ಗೋಡೆ ಹಿಡಿದು ನಿಂತಾಗ
ಅದು ಮೈಮುರಿದು ಏಳುತ್ತಿತ್ತು,
ಹೊರಟರೆ ಹೊರಡುತ್ತಿತ್ತು
ಎರಡು ಮೆಟ್ಟಿಲು ಮುಂದೆ, ತಿರುತಿರುಗಿ ನೋಡುತ್ತ,
ಇಷ್ಟೇನಾ ಎಂಬಂತೆ.

ಮಾರ್ಚಿನ ತನಕ ಗೀಟು ಒತ್ತೊತ್ತಾಗಿ.
ಏಪ್ರಿಲು ಹಲ್ಲುದುರಿದ ಬಾಚಣಿಗೆ.
ಮೇ ತಿಂಗಳ ಪುಟದಲ್ಲಿ ಓಸಿಯೆಲ್
ತನ್ನ ಸಾಲದ ಲೆಕ್ಕ ಬರೆದಿದ್ದಾನೆ.
ತೂಕದ ಮುಳ್ಳು ಎರಡು ಕಿಲೊ ಇಳಿದು
ಒಂದೂವರೆ ಮತ್ತೆ ಹತ್ತಿತ್ತು,
ಹತ್ತುವುದರಲ್ಲಿ ನನಗಿಂತ ಗಟ್ಟಿಗ.

ಜೂನು. ಉತ್ತರದ ಗಾಳಿ, ಅಡ್ಡಮಳೆ.
ಮೊಣಕಾಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡವನಂತೆ
ಓಸಿಯೆಲ್‌ನ ಕಿಂಡಿಗೆ ನೂರು ಪೆಸೊ ಚಾಚಿದೆ.
"ನಿಮ್ಮಿಂದಲೇ?" ಅಂದ, ಮುಟ್ಟಲಿಲ್ಲ.
ಅಲ್ಲೇ ಇಟ್ಟೆ.
ದುಡ್ಡು ಕೊಟ್ಟರೆ ತಪ್ಪೂ ವ್ಯವಹಾರವಾಗುತ್ತದೆ.

ಗೂಡು ಏರಿತು. ಗಾಜಿನ ಹಬೆ ಒರೆಸಿ ನೋಡಿದೆ:
ಕಟ್ಟೆಯ ಮೇಲೆ ಮೊಸ್ತಾಸಾ,
ನೆನೆದು ಅರ್ಧವಾಗಿದೆ,
ಕೆಳಗಿನ ತಿರುವನ್ನೇ ನೋಡುತ್ತಿದೆ.
ಗೂಡಿನತ್ತ ಅಲ್ಲ.
ನಾನು ಗೂಡಿನಲ್ಲಿರಬಹುದೆಂಬ ಯೋಚನೆಯೇ
ಅದಕ್ಕೆ ಬಂದಿರಲಿಲ್ಲ.

ಡಾಕ್ಟರ ಚೀಟಿ, ಹೊಸವರ್ಷದ ಶಪಥ, ಕೆಂಪು ಪೆನ್ನು
ಇವೆಲ್ಲ ನನ್ನನ್ನು ಬಲ್ಲವು, ಕ್ಷಮಿಸಿಬಿಡುತ್ತವೆ.
ನಾಯಿಗೆ ಗೊತ್ತಿಲ್ಲ ನಾನು ಎಂಥವನೆಂದು.

ಮೇಲೆ ಇಳಿದು ಬೈದೆ, ಶೂಗಳನ್ನು, ನಾಯಿಯನ್ನು.
ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟೆ.
ಆಮೇಲೆ ಕಂಬಿ ಹಿಡಿದು ಕೆಳಗೆ,
ಪೂರ್ತಿ ಕೆಳಗೆ.
ಕಟ್ಟೆ ದಾಟುವಾಗ ಮೊಸ್ತಾಸಾ ಗುರುತು ಹಿಡಿಯಲಿಲ್ಲ,
ಇಳಿಯುವ ನನ್ನನ್ನು ಅದು ಕಂಡದ್ದೇ ಇಲ್ಲ.
ಬುಡದಲ್ಲಿ ತಿರುಗಿ ನಿಂತೆ.
ಒಂದು.

ನೋಟುಬುಕ್ಕು ಓಸಿಯೆಲ್‌ಗೇ ಬಿಟ್ಟಿದ್ದೇನೆ,
ಅವನ ಸಾಲ ಇನ್ನೂ ತೀರಿಲ್ಲ.
ಕೆಲವು ದಿನ ಈಗಲೂ ಗೂಡು ಹತ್ತುತ್ತೇನೆ,
ಸುಳ್ಳು ಯಾಕೆ ಹೇಳಲಿ.
ಎಣಿಕೆಯೂ ಒಂದಕ್ಕೊಂದು ತಾಳೆಯಾಗುವುದಿಲ್ಲ,
ಒಮ್ಮೆ ನೂರ ಅರವತ್ತೆರಡು, ಒಮ್ಮೆ ಅರವತ್ತೈದು.
ನಿನ್ನೆ ಎದುವೀಹೆಸ್ ಮತ್ತೆ ಅದೇ ಜೋಕು ಕೂಗಿದಳು,
ಅವೇ ಮಾತು, ಅದೇ ಮೀನಿನ ಬುಟ್ಟಿ ತೊಡೆಯ ಮೇಲೆ.
ನಕ್ಕೆ, ನಿಲ್ಲದೆ,
ಐವತ್ತರಿಂದ ಎಪ್ಪತ್ತರವರೆಗೂ ನಕ್ಕೆ,
ಎಪ್ಪತ್ತೋ ಎಂಬತ್ತೋ,
ಎಣಿಕೆ ತಪ್ಪಿತು.