ಲಾಗ್ ಬುಕ್

ಮೂವತ್ತೈದಕ್ಕ ಬಂದು ನಿಂತೈತಿ.
ನಿಂತೈತಿ ಅಂದ್ರ, ನೀಲಿ ಪರದೆ ಮ್ಯಾಲ
ಚುಕ್ಕಿ ತಿರಗತಾವು, ಅಂಕಿ ಅಲಗಾಡವಲ್ದು.
‘ಕಂಪ್ಯೂಟರ್ ಆರಿಸಬೇಡಿ’ ಅಂತೈತಿ.
ಆರಿಸಾವ್ರ್ಯಾರು? ಗದಗ ರೋಡಿನ್ಯಾಗ
ಕರೆಂಟು ಹೇಳಿ ಹೊಕ್ಕೈತೇನು?

ಮೂವತ್ತೊಂದು ವರ್ಷ ವರ್ಕ್‌ಶಾಪಿನ್ಯಾಗ ಫಿಟರ್ ಇದ್ದಾಂವ.
ಸ್ಕ್ರೂಡ್ರೈವರ್ ತುದಿ ಬೇರಿಂಗಿಗೆ, ಹಿಡಿಕಿ ಕಿವಿಗೆ ಹಚ್ಚಿದ್ರ
ಅದು ತನ್ನ ಬ್ಯಾನಿ ತಾನ ಹೇಳತಿತ್ತು.
ಈ ಡಬ್ಬಿಗೆ ಕಿವಿ ಕೊಟ್ರ
ಫ್ಯಾನು, ಅದರ ಹಿಂದ
ಮೊರದಾಗ ಜ್ವಾಳಾ ಕೇರಿದಂಥ ಸಪ್ಪಳ.

ಹಳೇ ಚಾಳಿ, ನೋಟಬುಕ್ಕಿನ್ಯಾಗ ಬರದೀನಿ:
ನಾಕನೇ ತಾರೀಖು. ಮೂವತ್ತೈದು. ವಾಪಸ್.
ಹನ್ನೊಂದು. ತೊಂಬತ್ತೆಂಟು,
ಎಸ್ತರ್ ಖುಷಿಗೆ ಚಹಾಕ್ಕ ಇಟ್ಟಿದ್ಲು. ವಾಪಸ್.
ಇವತ್ತ

‘ಬದಲಾವಣೆಗಳನ್ನು ರದ್ದುಗೊಳಿಸಲಾಗುತ್ತಿದೆ.’
ಎಷ್ಟ ಸಲೀಸ ಹೇಳತೈತಿ,
ಮೊದಲ ಹೆಂಗಿತ್ತೋ ಹಂಗ ಇಟ್ಟಬಿಡತೀನಿ ಅಂತ!
ಎಂಬತ್ತೊಂಬತ್ತರಾಗ ಲೇತಿಗೆ ಕೊಟ್ಟ ನನ್ನ ಎಡಗೈ ಕಿರುಬಳ್ಳು
ಕೀಬೋರ್ಡಿನ ಮ್ಯಾಲ ಇನ್ನೂ ‘ಎ’ ಹುಡುಕತೈತಿ.

ಮ್ಯಾಲಿನ ಮನಿ ಪ್ರಫುಲ್ಲಾ ಬಂದು ನೋಡಿ ನಕ್ಕಳು.
“ಅಂಕಲ್, ಒಳಗ ಜಾಗಾನ ಇಲ್ಲ. ಹತ್ತು ಜಿಬಿ ಖಾಲಿ ಮಾಡ್ರಿ.”
ತಗದು ನೋಡಿದ್ರ ಎಲ್ಲಾ ಎಸ್ತರಳ ಕ್ವಾಯರು,
ಹದಿನಾಕು ವರ್ಷದ ಪ್ರಾಕ್ಟೀಸು,
ಅರ್ಧಾ ಬರೇ ಕುರ್ಚಿ ಎಳಿಯೂದು, ಕೆಮ್ಮೂದು.
“ಇವನ್ನ ತಗೀಲೇನ?” ಅಂದೆ.
ಅಡಗಿಮನಿಯಿಂದ ದನಿ ಬಂತು:
“ಕೆಮ್ಮಾಕಿ ಸಿಸಿಲಿಯಾ. ಮುಟ್ಟಬ್ಯಾಡ್ರಿ.”

ಪ್ರಫುಲ್ಲಾ ಚಪ್ಪಲಿ ಹಾಕ್ಕೊಂಡು ಹೋದ್ಲು.

ಬರದೆ: ಹದಿನೆಂಟು. ಮೂವತ್ತೈದು. ವಾಪಸ್.
ಕಾರಣ ಅನ್ನೂ ಕಾಲಮ್ಮಿನ್ಯಾಗ:
ಜಾಗಾ ತುಂಬೈತಿ.
ಸಹಿ.